ಡಿಜಿಟಲ್ ಪ್ರಮಾಣಪತ್ರ ವಿತರಣೆಯ ಅಧಿಕಾರ ಪ್ರತ್ಯಾಯೋಜನೆ

ಡಿಜಿಟಲ್ ಪ್ರಮಾಣಪತ್ರ ವಿತರಣೆಯ ಅಧಿಕಾರ ಪ್ರತ್ಯಾಯೋಜನೆ ಎಂದರೆ ಪ್ರಮಾಣಪತ್ರ ನೀಡುವ ಕೆಲಸದ ಒಂದು ಭಾಗವನ್ನು ಮೂಲ ಅಧಿಕಾರಿಯು ಲಿಖಿತ ಹಾಗೂ ಸೀಮಿತ ಅನುಮತಿಯ ಮೂಲಕ ಸಂಸ್ಥೆಯ ಇತರರಿಗೆ ವಹಿಸುವ ವ್ಯವಸ್ಥೆ. ಅರ್ಜಿಯನ್ನು ಪರಿಶೀಲಿಸುವ, ಅನುಮೋದಿಸುವ ಮತ್ತು ರದ್ದತಿಗೆ ಕೋರುವ ಅಧಿಕಾರಗಳನ್ನು ಹೀಗೆ ವಹಿಸಬಹುದು. ಸಹಿ ಹಾಕಲು ಬಳಸುವ ಖಾಸಗಿ ಕೀಲಿಯನ್ನು ವಹಿಸುವಂತಿಲ್ಲ. ಅದು ಕೈ ಬದಲಾದರೆ ಸಹಿ ಯಾರದೆಂದು ಹೇಳುವ ಸಾಕ್ಷ್ಯವೇ ಇಲ್ಲವಾಗುತ್ತದೆ.

ಕನ್ನಡದಲ್ಲಿ 'ಪ್ರಮಾಣಪತ್ರ' ಎಂಬ ಒಂದೇ ಪದ ಎರಡು ವಸ್ತುಗಳಿಗೆ ಸಲ್ಲುವುದರಿಂದ ಗೊಂದಲ ಉಂಟಾಗುವುದುಂಟು. ಒಬ್ಬ ವ್ಯಕ್ತಿಯನ್ನು ಅಥವಾ ಜಾಲತಾಣವನ್ನು ಅದರ ಸಾರ್ವಜನಿಕ ಕೀಲಿಗೆ ಜೋಡಿಸುವ ವಿದ್ಯುನ್ಮಾನ ದಾಖಲೆ ಮೊದಲನೆಯದು. ನಾಡಕಚೇರಿಯಲ್ಲಿ ದೊರೆಯುವ ಜಾತಿ, ಆದಾಯ ಮುಂತಾದ ಪತ್ರಗಳು ಎರಡನೆಯದು. ಈಗ ಎರಡನೆಯದು ಮೊದಲನೆಯದನ್ನು ಅವಲಂಬಿಸಿದೆ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಈ ವಿಷಯವನ್ನು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ನಿಯಂತ್ರಿಸುತ್ತದೆ. ಶ್ರೇಣಿಯ ತುದಿಯಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿದ್ದಾರೆ. ಅವರ ಪರವಾನಗಿ ಪಡೆದ ಪ್ರಾಧಿಕಾರಗಳು ಮಾತ್ರ ಕಾನೂನುಬದ್ಧವಾಗಿ ಪ್ರಮಾಣಪತ್ರ ನೀಡಬಲ್ಲವು. ಬೆಂಗಳೂರಿನ ಇಮುದ್ರಾ ಅಂಥವುಗಳಲ್ಲಿ ಒಂದು. ನಿಯಂತ್ರಕರು ಉಪ ನಿಯಂತ್ರಕರಿಗೆ, ಸಹಾಯಕ ನಿಯಂತ್ರಕರಿಗೆ ಅಥವಾ ಬೇರೆ ಅಧಿಕಾರಿಗೆ ತಮ್ಮ ಅಧಿಕಾರವನ್ನು ಲಿಖಿತವಾಗಿ ವಹಿಸಬಹುದೆಂದು 27ನೇ ಪ್ರಕರಣ ಹೇಳುತ್ತದೆ.

ಕೀಲಿಯ ವಿಷಯದಲ್ಲಿ ಮಾತ್ರ ಕಾಯ್ದೆ ಇಂಥ ಸಡಿಲಿಕೆ ತೋರುವುದಿಲ್ಲ. 42ನೇ ಪ್ರಕರಣದ ಪ್ರಕಾರ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದು ಚಂದಾದಾರನ ಹೊಣೆ. ಕೀಲಿ ಅನ್ಯರ ಪಾಲಾದರೆ ಆತ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಳಿಸುವವರೆಗಿನ ಪರಿಣಾಮಗಳಿಗೆ ಆತನೇ ಬಾಧ್ಯಸ್ಥ. ಕೆಲಸದ ಒತ್ತಡದಲ್ಲಿ ಟೋಕನ್ ಮತ್ತು ಅದರ ಗುಪ್ತಸಂಖ್ಯೆಯನ್ನು ಸಹಾಯಕರಿಗೆ ಕೊಟ್ಟುಬಿಡುವ ಅಧಿಕಾರಿಯು ಅಧಿಕಾರವನ್ನು ವಹಿಸಿದಂತಾಗುವುದಿಲ್ಲ. ತನ್ನ ಹೆಸರನ್ನು ಎರವಲು ಕೊಟ್ಟಂತಾಗುತ್ತದೆ.

ಭಟ್ಕಳ, ಹೊನ್ನಾವರ ಮತ್ತು ಕುಮಟಾ

ಉತ್ತರ ಕನ್ನಡ ಜಿಲ್ಲೆಯ ಈ ಮೂರು ಕರಾವಳಿ ತಾಲ್ಲೂಕುಗಳಲ್ಲಿ, ರಾಜ್ಯದ ಇತರೆಡೆಗಳಂತೆಯೇ, ಪ್ರತ್ಯಾಯೋಜನೆಯ ರೂಪ ಕಂದಾಯ ಇಲಾಖೆಯ ಶ್ರೇಣಿಯನ್ನು ಅನುಸರಿಸುತ್ತದೆ. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರ ಯೋಜನೆಯಡಿ ನಾಡಕಚೇರಿಗಳು ಹೋಬಳಿ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಭಟ್ಕಳದ ಮಾವಳ್ಳಿ, ಹೊನ್ನಾವರದ ಮಂಕಿ, ಕುಮಟಾದ ಗೋಕರ್ಣ ಇಂಥ ಹೋಬಳಿಗಳು. ಅರ್ಜಿಯನ್ನು ನಿರ್ವಾಹಕರು ಗಣಕಕ್ಕೆ ಸೇರಿಸುತ್ತಾರೆ. ಗ್ರಾಮ ಲೆಕ್ಕಿಗರು (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ) ಮತ್ತು ಕಂದಾಯ ನಿರೀಕ್ಷಕರು ವರದಿ ನೀಡುತ್ತಾರೆ. ಕೊನೆಯಲ್ಲಿ ಪತ್ರದ ಬಗೆಗೆ ತಕ್ಕಂತೆ ಉಪ ತಹಶೀಲ್ದಾರರು ಅಥವಾ ತಹಶೀಲ್ದಾರರು ಡಿಜಿಟಲ್ ಸಹಿ ಹಾಕುತ್ತಾರೆ. ಮೀಸಲಾತಿಗೆ ಬೇಕಾದ ಜಾತಿ ಪ್ರಮಾಣಪತ್ರ ನೀಡುವವರು ತಹಶೀಲ್ದಾರರು ಎಂದು 1990ರ ರಾಜ್ಯ ಕಾಯ್ದೆಯ 4ಎ ಪ್ರಕರಣ ಗೊತ್ತುಪಡಿಸಿದೆ. ಅವರ ಆದೇಶದ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗುತ್ತದೆ.

ಪತ್ರದ ಮೇಲಿನ 'ಆರ್.ಡಿ.' ಸಂಖ್ಯೆಯನ್ನು ವೃತ್ತಿಶಿಕ್ಷಣ ಪ್ರವೇಶದ ಅರ್ಜಿಯಲ್ಲಿ ನಮೂದಿಸಿದಾಗ ವಿವರಗಳು ನೇರವಾಗಿ ದತ್ತಾಂಶದಿಂದಲೇ ತಾಳೆಯಾಗುತ್ತವೆ. ಆದ್ದರಿಂದ ಸಹಿ ಹಾಕಬೇಕಾದವರು ವರ್ಗವಾಗಿ, ಹೊಸಬರ ಪ್ರಮಾಣಪತ್ರ ಇನ್ನೂ ಸಿದ್ಧವಾಗಿರದಿದ್ದರೆ ಅದರ ಪೆಟ್ಟು ಬೀಳುವುದು ಸೀಟಿಗಾಗಿ ಕಾಯುವ ವಿದ್ಯಾರ್ಥಿಯ ಮೇಲೆ. ಹಿಂದಿನವರ ಟೋಕನ್ನನ್ನೇ ಮುಂದುವರಿಸುವ ಪ್ರಲೋಭನೆಗೂ ಈ ಒತ್ತಡವೇ ಕಾರಣ. ಪ್ರಭಾರದ ಆದೇಶದೊಂದಿಗೇ ಪ್ರಭಾರ ಅಧಿಕಾರಿಯ ಸ್ವಂತ ಪ್ರಮಾಣಪತ್ರವನ್ನು ತಂತ್ರಾಂಶದಲ್ಲಿ ನೋಂದಾಯಿಸುವುದು ಸರಿಯಾದ ಕ್ರಮ.

ಸಹಿಯು ಪತ್ರದೊಳಗಿನ ಸಂಗತಿಯನ್ನು ತೀರ್ಮಾನಿಸುವುದಿಲ್ಲ. ಭಟ್ಕಳ ಭಾಗದಲ್ಲಿ ಮೊಗೇರ ಸಮುದಾಯದ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಕುರಿತು ಬಹುಕಾಲದಿಂದ ಇರುವ ವಿವಾದಕ್ಕೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ. ಯಾರು, ಯಾವಾಗ ಸಹಿ ಹಾಕಿದರು ಎಂಬುದಷ್ಟೇ ಅಲ್ಲಿ ಖಚಿತವಾಗುತ್ತದೆ.

ಕಂದಾಯ ಇಲಾಖೆಗೆ ಈ ಶಿಸ್ತು ಹೊಸದಲ್ಲ. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚಿನ ಮೂಲಕವೇ ತಂತ್ರಾಂಶವನ್ನು ಪ್ರವೇಶಿಸಬೇಕಾಗಿತ್ತು. ಗುಪ್ತಪದವನ್ನು ಹಂಚಿಕೊಂಡಷ್ಟು ಸುಲಭವಾಗಿ ಬೆರಳನ್ನು ಹಂಚಿಕೊಳ್ಳಲಾಗದು.

ಸಂಸ್ಥೆಯೊಳಗಿನ ಅನುಮತಿಗಳು

ಸ್ವಂತ ಪ್ರಾಧಿಕಾರ ನಡೆಸದ ಸಂಸ್ಥೆ ತನ್ನ ನೌಕರರಿಗೆ ಪರವಾನಗಿ ಪಡೆದ ಪ್ರಾಧಿಕಾರದಿಂದ ಪ್ರಮಾಣಪತ್ರ ಕೊಡಿಸುತ್ತದೆ. ಆಗ ಸಂಸ್ಥೆಯ ಅಧಿಕೃತ ಸಹಿದಾರರು ನೀಡುವ ಪತ್ರವೇ ಪ್ರತ್ಯಾಯೋಜನೆಯ ದಾಖಲೆ. ಆಂತರಿಕ ಜಾಲಕ್ಕಾಗಿ ಸ್ವಂತ ಪ್ರಾಧಿಕಾರ ಸ್ಥಾಪಿಸುವ ದೊಡ್ಡ ಸಂಸ್ಥೆಗಳಲ್ಲಿ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಸರ್ಟಿಫಿಕೇಟ್ ಸರ್ವಿಸಸ್ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಂದು ಬಗೆಯ ಪ್ರಮಾಣಪತ್ರಕ್ಕೂ ಒಂದು ಟೆಂಪ್ಲೇಟ್ ಇರುತ್ತದೆ. ಅನುಮತಿಯನ್ನು ವ್ಯಕ್ತಿಗಳಿಗಲ್ಲದೆ ಭದ್ರತಾ ಗುಂಪಿಗೆ ನೀಡುವುದು ವಾಡಿಕೆ: ಓದುವ ಮತ್ತು ಪ್ರಮಾಣಪತ್ರ ಪಡೆಯುವ ಅನುಮತಿ ಸಾಕು, ಟೆಂಪ್ಲೇಟನ್ನು ತಿದ್ದುವ ಅನುಮತಿ ಬೇಡ. ಇತರರ ಪರವಾಗಿ ಅರ್ಜಿ ಹಾಕುವ ನೋಂದಣಿ ಪ್ರತಿನಿಧಿಯನ್ನು ನಿರ್ದಿಷ್ಟ ಟೆಂಪ್ಲೇಟ್ ಮತ್ತು ನಿರ್ದಿಷ್ಟ ಬಳಕೆದಾರರಿಗೆ ಸೀಮಿತಗೊಳಿಸುವ ಸೌಲಭ್ಯ ವಿಂಡೋಸ್ ಸರ್ವರ್ 2008ರಿಂದ ಇದೆ.

ಅತ್ಯಂತ ಅಪಾಯಕಾರಿಯಾದ ಆಯ್ಕೆ ನೋಡಲು ನಿರುಪದ್ರವಿ. ಪ್ರಮಾಣಪತ್ರದಲ್ಲಿ ನಮೂದಾಗುವ ಹೆಸರನ್ನು ಅರ್ಜಿದಾರನೇ ಸೂಚಿಸಬಹುದು ಎಂದು ಟೆಂಪ್ಲೇಟ್ ಅನುಮತಿಸಿ, ಅದು ಲಾಗಿನ್‌ಗೆ ಬಳಕೆಯಾಗುವಂತಿದ್ದು, ಮೇಲಿನವರ ಅನುಮೋದನೆಯೂ ಬೇಡವೆಂದಾದರೆ ಸಾಮಾನ್ಯ ನೌಕರನೂ ಜಾಲದ ಮುಖ್ಯ ನಿರ್ವಾಹಕನ ಹೆಸರಿನಲ್ಲಿ ಪ್ರಮಾಣಪತ್ರ ಪಡೆಯಬಲ್ಲ. ಸ್ಪೆಕ್ಟರ್‌ಆಪ್ಸ್ ಸಂಸ್ಥೆಯ ಸಂಶೋಧಕರು 2021ರಲ್ಲಿ ಈ ದೋಷವನ್ನು ವಿವರವಾಗಿ ತೋರಿಸಿಕೊಟ್ಟರು.

2014ರ ಪ್ರಕರಣ

ಪ್ರತ್ಯಾಯೋಜಿತ ಅಧಿಕಾರ ಹಿಡಿತ ತಪ್ಪಿದ್ದಕ್ಕೆ ಭಾರತದ ಪ್ರಮುಖ ನಿದರ್ಶನ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ನಿಯಂತ್ರಕರ ಮೂಲ ಪ್ರಮಾಣಪತ್ರದ ಬಲದಿಂದ ಈ ಕೇಂದ್ರ ಮಧ್ಯಂತರ ಪ್ರಾಧಿಕಾರವಾಗಿ ಕೆಲಸ ಮಾಡುತ್ತಿತ್ತು. ಕೇಂದ್ರದಿಂದ ತನ್ನ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದನ್ನು ಗೂಗಲ್ 2014ರ ಜುಲೈ 2ರಂದು ಪತ್ತೆಹಚ್ಚಿತು. ಮರುದಿನವೇ ನಿಯಂತ್ರಕರು ಕೇಂದ್ರದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಗೊಳಿಸಿದರು. ವಿತರಣಾ ವ್ಯವಸ್ಥೆಗೆ ಧಕ್ಕೆಯಾಗಿ ನಾಲ್ಕು ಪ್ರಮಾಣಪತ್ರಗಳು ತಪ್ಪಾಗಿ ಹೊರಬಂದವು ಎಂದು ತನಿಖೆಯ ಬಳಿಕ ತಿಳಿಸಲಾಯಿತು. ಆ ನಾಲ್ಕರಲ್ಲಿ ಸೇರದ ಪ್ರಮಾಣಪತ್ರಗಳೂ ಇವೆ, ಆದ್ದರಿಂದ ಧಕ್ಕೆಯ ವ್ಯಾಪ್ತಿಯೇ ಅಜ್ಞಾತ ಎಂಬುದು ಗೂಗಲ್‌ನ ನಿಲುವಾಗಿತ್ತು.

ಮೈಕ್ರೋಸಾಫ್ಟ್‌ನ ವಿಶ್ವಾಸಪಟ್ಟಿಯಲ್ಲಿ ಭಾರತದ ಮೂಲ ಪ್ರಮಾಣಪತ್ರ ಸೇರಿದ್ದರಿಂದ ವಿಂಡೋಸ್‌ನ ಹಲವು ತಂತ್ರಾಂಶಗಳು ಅಪಾಯಕ್ಕೆ ಒಳಗಾದವು. ಸ್ವಂತ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್ ಪಾರಾಯಿತು. ಮುಂದೆ ಕ್ರೋಮ್‌ನಲ್ಲಿ ಭಾರತದ ಮೂಲ ಪ್ರಮಾಣಪತ್ರದ ಮಾನ್ಯತೆಯನ್ನು ಭಾರತ ಸರ್ಕಾರದ ಮತ್ತು ಕೆಲವು ನಿರ್ದಿಷ್ಟ ಸಂಸ್ಥೆಗಳ ಡೊಮೈನ್‌ಗಳಿಗೆ ಸೀಮಿತಗೊಳಿಸುವುದಾಗಿ ಗೂಗಲ್ ಪ್ರಕಟಿಸಿತು. ಅಧೀನ ಪ್ರಾಧಿಕಾರವು ಯಾವ ಹೆಸರುಗಳಿಗೆ ಮಾತ್ರ ಪ್ರಮಾಣಪತ್ರ ನೀಡಬಹುದೆಂದು ಅದರ ಪ್ರಮಾಣಪತ್ರದಲ್ಲೇ ಬರೆದಿಡಲು ಎಕ್ಸ್.509 ಮಾನದಂಡದಲ್ಲಿ 'ಹೆಸರಿನ ನಿರ್ಬಂಧ' ಎಂಬ ಅಂಶವಿದೆ. ಅಧಿಕಾರ ಕೊಡುವಾಗಲೇ ಹಾಕಬಹುದಾಗಿದ್ದ ಇಂಥ ಮಿತಿಯನ್ನು ಅನಾಹುತದ ನಂತರ ಬ್ರೌಸರ್ ತಯಾರಕರು ಹೊರಗಿನಿಂದ ಹೇರಬೇಕಾಯಿತು.