ಹುಲಿಗಿಯಿಂದ ರಾಷ್ಟ್ರಪತಿ ಭವನಕ್ಕೆ: ಮಂಜಮ್ಮ ಜೋಗತಿ



1976ರಲ್ಲಿ ಇಂಗ್ಲೆಂಡಿನ ಗಾಯಕ ಎಲ್ಟನ್ ಜಾನ್ 'ರೋಲಿಂಗ್ ಸ್ಟೋನ್' ಪತ್ರಿಕೆಯ ಸಂದರ್ಶನದಲ್ಲಿ ತಮಗೆ ಗಂಡು ಹೆಣ್ಣು ಇಬ್ಬರ ಮೇಲೂ ಒಲವಿದೆ ಎಂದು ಬಾಯಿಬಿಟ್ಟು ಹೇಳಿದರು. ದೊಡ್ಡ ಸುದ್ದಿಯಾಯಿತು. ಅದಕ್ಕೂ ಒಂದು ವರ್ಷ ಮೊದಲು, ನಮ್ಮ ಹೊಸಪೇಟೆ ಹತ್ತಿರದ ಹುಲಿಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ, ಬಳ್ಳಾರಿ ಜಿಲ್ಲೆ ಕಲ್ಲುಕಂಬದ ಹುಡುಗ ಮಂಜುನಾಥ ಶೆಟ್ಟಿ ಹೆಣ್ಣಿನ ಉಡುಪು ತೊಟ್ಟು, ಬಳೆ ಇಟ್ಟು, ಮಂಜಮ್ಮನಾದರು. ಸೊಂಟದ ಉಡಿದಾರ ಕತ್ತರಿಸಿದರೆ ಮುಗಿಯಿತು, ಅಲ್ಲಿಂದ ಮುಂದೆ ಗಂಡುಜನ್ಮವಿಲ್ಲ. ಮಗ ಸತ್ತೇಹೋದನೆಂಬಂತೆ ತಾಯಿ ಅತ್ತರು ಎಂದು ಮಂಜಮ್ಮನವರೇ ಹೇಳಿಕೊಂಡಿದ್ದಾರೆ.

ಉತ್ತರ ಕರ್ನಾಟಕದಲ್ಲಿ ಇದಕ್ಕೊಂದು ಹೆಸರಿತ್ತು, ಒಂದು ವಿಧಿಯಿತ್ತು. ಮೈಯೊಳಗಿನ ಹೆಣ್ಣನ್ನು ಎಲ್ಲಮ್ಮನ ಕರೆಯೆಂದು ತಿಳಿದು, ಮುತ್ತು ಕಟ್ಟಿಸಿ, ಜೋಗಪ್ಪ ಅಥವಾ ಜೋಗತಿ ಎಂದು ಕರೆದರು. ದೇವಿಯ ಮಂಗಳವಾರ ಶುಕ್ರವಾರಗಳಲ್ಲಿ ಅವರ ಕಾಲಿಗೆ ಬಿದ್ದವರೂ ಇದ್ದರು. ಹಾಗಾದರೆ ನಮ್ಮ ಹಿರಿಯರು ಬಹಳ ಉದಾರಿಗಳೇ? ನನಗೆ ಹಾಗೆನ್ನಿಸುವುದಿಲ್ಲ. ಕಾಲಿಗೆ ಬೀಳುವವರು ಮನೆಯೊಳಗೆ ಇಟ್ಟುಕೊಳ್ಳಲು ತಯಾರಿರಲಿಲ್ಲ. ಮಂಜಮ್ಮ ಮನೆ ಬಿಟ್ಟರು, ಸೀರೆಯುಟ್ಟು ಭಿಕ್ಷೆ ಬೇಡಿದರು, ದುರುಳರ ಕೈಗೆ ಸಿಕ್ಕಿ ನೊಂದರು, ಬದುಕೇ ಬೇಡವೆಂದು ಸಾಯಲೂ ಹೊರಟಿದ್ದರು.

ತಡೆದದ್ದು ಹಾಡು. ದಾವಣಗೆರೆ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ನಿಂತು ನೋಡಿದರು, ಅವರಿಂದ ಕಲಿತರು. ಆಮೇಲೆ ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರ ತಂಡ ಸೇರಿ ಊರೂರು ತಿರುಗಿದರು. ಎಲ್ಲಮ್ಮನ ಕಥೆ, ಚೌಡಿಕೆ ಪದ, ಕೈಬಿಟ್ಟರೂ ಬೀಳದ ತಲೆಮೇಲಿನ ಕೊಡ. ಕಾಳವ್ವನವರ ನಂತರ ತಂಡ ಮಂಜಮ್ಮನವರದಾಯಿತು. ಗುಡಿಯಂಗಳದ ಕುಣಿತ ಸಭಾಭವನದ ವೇದಿಕೆಗೆ ಬಂತು. ನನ್ನ ಮಟ್ಟಿಗೆ ದೊಡ್ಡ ಸಂಗತಿ ಇದೇ. ಹುಲಿಗಿಯಲ್ಲಿ ದೇವಿಯ ಹೆಸರಿನಲ್ಲಿ ಜನ ಒಪ್ಪಿದ್ದರು, ವೇದಿಕೆಯಲ್ಲಿ ಕಲಾವಿದೆಯೆಂದು ಒಪ್ಪಿದರು. ಎರಡೂ ಒಂದೇ ಅಲ್ಲ.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕುಳಿತ ಮೊದಲ ಟ್ರಾನ್ಸ್‌ಜೆಂಡರ್ ಕಲಾವಿದೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ 'ನಡುವೆ ಸುಳಿವ ಹೆಣ್ಣು' ಎಂಬ ಆತ್ಮಕಥನದಲ್ಲಿ ಏನನ್ನೂ ಮುಚ್ಚಿಡದೆ ಹೇಳಿಕೊಂಡರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಭಿಕ್ಷೆಗೆ ಒಡ್ಡಿದ್ದ ಸೆರಗು ಅದು.

ಪುಣೆಯ ನಮಗೆ ಇದು ದೂರದ ಕಥೆಯೇನಲ್ಲ. ಸವದತ್ತಿಯ ಗುಡ್ಡಕ್ಕೆ ಕೊಲ್ಹಾಪುರ, ಸಾಂಗ್ಲಿ ಕಡೆಯಿಂದ ಸಾವಿರಾರು ಜನ 'ಉಧೋ ಉಧೋ' ಎನ್ನುತ್ತಾ ಬರುತ್ತಾರೆ. ನಮ್ಮ ಚೌಡಿಕೆ ಇಲ್ಲಿ ಚೌಂಡಕ, ನಮ್ಮ ಜೋಗಪ್ಪ ಇಲ್ಲಿ ಜೋಗತಾ. 2009ರಲ್ಲಿ ತೆರೆಕಂಡ ರಾಜೀವ್ ಪಾಟೀಲರ 'ಜೋಗವಾ' ಚಿತ್ರದಲ್ಲಿ ಅಂಥ ಜೋಗತಾ ಆಗಿ ನಟಿಸಿ ಉಪೇಂದ್ರ ಲಿಮಯೆ ರಾಷ್ಟ್ರಪ್ರಶಸ್ತಿ ಪಡೆದರು, ಸಂಗೀತಕ್ಕಾಗಿ ಅಜಯ್-ಅತುಲ್ ಕೂಡ. ಆದರೆ ಚಿತ್ರದ ಜೋಗತಾ ಬಲವಂತಕ್ಕೆ ಸೀರೆಯುಟ್ಟ ಗಂಡಸು, ಮಂಜಮ್ಮ ಒಳಗಿನಿಂದಲೇ ಹೆಣ್ಣು. ಈ ವ್ಯತ್ಯಾಸ ಗಮನಿಸದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರಿದ್ದಾರೆ. ಹುಡುಗಿಯರನ್ನು ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ಕರ್ನಾಟಕ 1982ರ ಕಾನೂನಿನಲ್ಲಿ ನಿಷೇಧಿಸಿತು, ಅದು ಆಗಲೇಬೇಕಿತ್ತು.

ಮೈಕಿನ ಮುಂದೆ ಕೂರುವವಳಾಗಿ ಇನ್ನೊಂದು ಮಾತು. ಮರಾಠಿಯಲ್ಲಿ ಗೌರವಕ್ಕೂ 'ತೇ' ಎಂದರೆ ಗಂಡು, 'ತ್ಯಾ' ಎಂದರೆ ಹೆಣ್ಣು, ಆರಿಸಲೇಬೇಕು. ಕನ್ನಡದ 'ಅವರು' ಏನನ್ನೂ ಕೇಳುವುದಿಲ್ಲ, ಮರ್ಯಾದೆ ಮಾತ್ರ ಕೊಡುತ್ತದೆ.

ಬಳ್ಳಾರಿ, ಬೆಳಗಾವಿ, ಧಾರವಾಡದ ಕಡೆಯಿಂದ ಬಂದ ಕೇಳುಗರೇ, ನಿಮ್ಮ ಮನೆ ಬಾಗಿಲಿಗೆ ಕೊಡ ಹೊತ್ತು ಬರುತ್ತಿದ್ದ ಜೋಗತಿಯರ ನೆನಪಿದ್ದರೆ, ಅವರು ಹಾಡುತ್ತಿದ್ದ ಪದ ಯಾವುದೆಂದು ನಮಗೆ ಬರೆದು ಕಳಿಸಿ.