ಲಾಲ್‌ಬಾಗಿನ ಹೂವು, ಹಿತ್ತಲಿನ ಜೇನು

ಪೇಟೆಯ ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟುಕೊಂಡವರಿಗೆ ಈ ಹೊತ್ತಿನ ಮಾತು. "ಕುಂಬಳದ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಕಚ್ಚೋದಿಲ್ಲ, ಯಾವ ಗೊಬ್ಬರ ಹಾಕಲಿ ಸ್ವಾಮಿ?" ಎಂದು ಕೇಳುವವರುಂಟು. ಗೊಬ್ಬರದ ವಿಚಾರ ಆಮೇಲೆ. ಕುಂಬಳದ ಹೂವು ಬೆಳಗಿನ ಜಾವ ಬಿರಿದು ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಹುಳು ಬಂತೇ, ನೋಡಿದಿರಾ?

ಹುಳು ಬಾರದ್ದಕ್ಕೂ ಒಂದು ಚರಿತ್ರೆಯಿದೆ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗು ಮೊದಲಿನಿಂದಲೂ ದೂರದೇಶದ ಗಿಡಗಳಿಗೆ ಆಶ್ರಯ. ಅಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರು ತಂದ ಸೀಮೆಬದನೆಯನ್ನು ನಾವು ಇಂದಿಗೂ ಹುಳಿಗೆ ಹಾಕುತ್ತೇವೆ. ಅವರ ತರುವಾಯ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಬೀದಿಗಳನ್ನೇ ತೋಟ ಮಾಡಲು ಹೊರಟರು. ಒಂದು ಜಾತಿಯ ಮರ ಹೂ ಉದುರಿಸುವಾಗ ಇನ್ನೊಂದು ಅರಳಬೇಕು. ವರ್ಷವಿಡೀ ಬೀದಿ ಬರಿದಾಗಬಾರದು. ಜಾಣ ಯೋಚನೆಯೇ ಸರಿ. ಆದರೆ ಅದು ಮನುಷ್ಯನ ಕಣ್ಣಿಗೆ ಹಾಕಿದ ಲೆಕ್ಕ. ದಕ್ಷಿಣ ಅಮೆರಿಕದ ಜಕರಾಂಡ, ಮಡಗಾಸ್ಕರಿನ ಗುಲ್‌ಮೊಹರ್ ಬೀದಿಗೆ ಬಂದವು. ಪರದೇಶದ ಮರವನ್ನು ಜೇನು ಮುಟ್ಟುವುದೇ ಇಲ್ಲ ಎನ್ನಲಾರೆ. ನನ್ನ ತಕರಾರಿರುವುದು ಮನೆಯಂಗಳದ ಮೇಲೆ. ಪದರಪದರವಾದ ಗುಲಾಬಿಯಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಹುಳುವಿಗೆ ಸಿಗುವ ಪರಾಗ ಅತ್ಯಲ್ಪ. ಕಾಗದದ ಹೂವಿನಲ್ಲಿ ಬಣ್ಣವಿರುವುದು ಎಲೆಗೆ! ಇನ್ನು ಹುಲ್ಲುಹಾಸಂತೂ ಜೇನಿನ ಪಾಲಿಗೆ ಬರೀ ಬಯಲು.

1991ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂತು. ತುಡುವೆಯ ಮರಿಗಳು ಗೂಡಿನಲ್ಲೇ ನೀರುಚೀಲದಂತಾಗಿ ಸತ್ತವು. ಪೆಟ್ಟಿಗೆ ಪೆಟ್ಟಿಗೆಗಳೇ ಖಾಲಿಯಾದವು.

ಹಾಗಾದರೆ ಏನು ನೆಡೋಣ ಅಂತೀರಾ? ಕ್ರುಂಬಿಗಲ್ಲರ ಲೆಕ್ಕವನ್ನೇ ಜೇನಿನ ಕಡೆಯಿಂದ ಹಾಕಿ. ಜಾಗವಿದ್ದವರು ಹೊಂಗೆ ನೆಡಿ. ಯುಗಾದಿಯ ಆಸುಪಾಸಿನಲ್ಲಿ ಅದು ಹೂವು ಬಿಡುತ್ತದೆ. ಮಳೆಗಾಲಕ್ಕೆ ತುಂಬೆ, ಕಳೆಯೆಂದು ಕೀಳಬೇಡಿ. ತುಳಸಿಯ ಕದಿರನ್ನು ಪೂರ್ತಿ ಚಿವುಟದೆ ಒಂದಷ್ಟು ಬಿಡಿ. ಕರಿಬೇವಿನ ಎಲೆಯನ್ನು ಮರಿಹುಳು ಕೊಂಚ ತಿಂದರೆ ತಿನ್ನಲಿ, ಅದೇ ನಾಳೆಯ ಪಾತರಗಿತ್ತಿ.

ಬದನೆ ಬೆಳೆಯುವವರಿಗೆ ಇನ್ನೊಂದು ಮಾತು. ಅದರ ಪರಾಗವು ಕೇಸರದ ತುದಿಯ ಸಣ್ಣ ತೂತಿನೊಳಗೆ ಅಡಗಿದೆ. ಹೂವನ್ನು ತಬ್ಬಿ ಗುಂಯ್‌ಗುಟ್ಟಿ ನಡುಗಿಸಿದರೆ ಚೆನ್ನಾಗಿ ಉದುರುತ್ತದೆ. ಈ ವಿದ್ಯೆ ತುಡುವೆಗೆ ಬಾರದು, ಕರೀ ದುಂಬಿಗೆ ಬರುತ್ತದೆ. ದುಂಬಿಯು ಒಣ ಬಿದಿರು, ಹಳೆಯ ತೊಲೆ ಕೊರೆದು ಮನೆಮಾಡುತ್ತದೆ. ಚಪ್ಪರದ ಹಳೇ ಗಳುಗಳನ್ನು ಒಲೆಗೆ ಹಾಕುವ ಮುನ್ನ ದುಂಡನೆಯ ತೂತುಂಟೋ ನೋಡಿ, ಇದ್ದರೆ ಬೇಲಿಗೆ ಒರಗಿಸಿಡಿ.