ಕುಸಿದ ಸರ್ವರ್‌ಗೆ ಮರುಜೀವ: ಬ್ಯಾಕಪ್‌ನಿಂದ ಕಾರ್ಯಾಚರಣ ವ್ಯವಸ್ಥೆಯ ಮರುಸ್ಥಾಪನೆ

ಬ್ಯಾಂಕಿನ ಖಾತೆ, ರೈಲಿನ ಟಿಕೆಟ್, ಆಸ್ಪತ್ರೆಯ ದಾಖಲೆ ಎಲ್ಲವೂ ಇಂದು ಹಗಲಿರುಳು ಓಡುವ ಸರ್ವರ್ ಗಣಕಗಳನ್ನು ನೆಚ್ಚಿಕೊಂಡಿವೆ. ಅಂಥ ಗಣಕದ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆಯೇ ಕೆಟ್ಟು ನಿಂತರೆ, ದತ್ತಾಂಶ ಸುರಕ್ಷಿತವಾಗಿದ್ದರೂ ಅದನ್ನು ತಲುಪುವ ದಾರಿ ಮುಚ್ಚಿಹೋಗುತ್ತದೆ. ಮೊದಲೇ ತೆಗೆದಿಟ್ಟ ಬ್ಯಾಕಪ್ ಪ್ರತಿಯಿಂದ ಆ ವ್ಯವಸ್ಥೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಕೆಲಸವೇ ಮರುಸ್ಥಾಪನೆ.

ಎರಡು ಬಗೆಯ ಪ್ರತಿಗಳು

ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ನಕಲು ಮಾಡಿಡುವುದು ಒಂದು ಬಗೆ. ಇದನ್ನು ಡಿಸ್ಕ್ ಇಮೇಜ್ ಎನ್ನುತ್ತಾರೆ. ಮರುಸ್ಥಾಪನೆ ಸುಲಭ, ಆದರೆ ಹೆಚ್ಚು ಜಾಗ ಬೇಕು. ಬೇರೆ ಬಗೆಯ ಯಂತ್ರಕ್ಕೆ ಹಾಕಿದಾಗ ತೊಡಕುಂಟಾಗಬಹುದು. ಕಡತಗಳನ್ನಷ್ಟೇ ನಕಲು ಮಾಡುವುದು ಎರಡನೆಯ ಬಗೆ. ಇದಕ್ಕೆ ಜಾಗ ಕಡಿಮೆ ಸಾಕು, ಆದರೆ ಡಿಸ್ಕಿನ ವಿಭಾಗಗಳನ್ನೂ ಬೂಟ್‌ಲೋಡರನ್ನೂ ಕೈಯಾರೆ ಮತ್ತೆ ಕಟ್ಟಬೇಕಾಗುತ್ತದೆ.

ಲಿನಕ್ಸ್ ಸರ್ವರ್: ಹಂತ ಹಂತವಾಗಿ

ಮೊದಲು ಮಾಡಬೇಕಾದುದು ಕಾರಣದ ಪತ್ತೆ. ದೋಷ ಡಿಸ್ಕಿನದೇ, ಮೆಮೊರಿಯದೇ, ಅಥವಾ ಅರ್ಧಕ್ಕೆ ನಿಂತ ಅಪ್‌ಡೇಟಿನದೇ ಎಂಬುದು ತಿಳಿಯದೆ ಮುಂದುವರಿದರೆ ಹೊಸ ವ್ಯವಸ್ಥೆಯೂ ಅದೇ ಗತಿ ಕಾಣಬಹುದು. ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಅದನ್ನು ಕಳಚಿ ಜೋಪಾನವಾಗಿಡುವುದು ಲೇಸು. ಬ್ಯಾಕಪ್ ಆದ ಮೇಲೆ ಸೇರಿದ ದತ್ತಾಂಶ ಉಳಿದಿರುವುದು ಅದರಲ್ಲಿ ಮಾತ್ರ.

ಬಳಿಕ ಸಿಡಿ ಅಥವಾ ಯುಎಸ್‌ಬಿಯಲ್ಲಿರುವ ರೆಸ್ಕ್ಯೂ ವ್ಯವಸ್ಥೆಯಿಂದ ಗಣಕವನ್ನು ಚಾಲೂ ಮಾಡಿ, ಹೊಸ ಡಿಸ್ಕನ್ನು ಮೊದಲಿನಂತೆಯೇ ವಿಭಾಗಿಸಿ, ಫಾರ್ಮ್ಯಾಟ್ ಮಾಡಬೇಕು. ಹಳೆಯ ವಿಭಾಗಗಳ ಪಟ್ಟಿಯನ್ನು ಮೊದಲೇ ಬೇರೆಡೆ ಬರೆದಿಟ್ಟವರಿಗೆ ಇಲ್ಲಿ ಬಹಳ ಹೊತ್ತು ಉಳಿಯುತ್ತದೆ. ನಂತರ ಟಾರ್ ಅಥವಾ ಆರ್‌ಸಿಂಕ್ ಮೂಲಕ ಕಡತಗಳನ್ನು ತುಂಬಬೇಕು. ಪ್ರತಿ ಕಡತದ ಒಡೆತನವನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದಲೇ ಉಳಿಸಿಕೊಳ್ಳುವುದು ಅವಶ್ಯ. ರೆಸ್ಕ್ಯೂ ವ್ಯವಸ್ಥೆಯ ಬಳಕೆದಾರರ ಪಟ್ಟಿಯೇ ಬೇರೆಯಾದ್ದರಿಂದ, ಇಲ್ಲವಾದರೆ ಒಬ್ಬರ ಕಡತ ಇನ್ನೊಬ್ಬರ ಪಾಲಾಗುತ್ತದೆ.

ಅನೇಕರು ಎಡವುವುದು ಇದರ ಮುಂದಿನ ಹಂತದಲ್ಲಿ. ಫಾರ್ಮ್ಯಾಟ್ ಮಾಡಿದೊಡನೆ ವಿಭಾಗಗಳಿಗೆ ಸಾಮಾನ್ಯವಾಗಿ ಹೊಸ ಗುರುತುಸಂಖ್ಯೆ ಬರುತ್ತದೆ; ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇರುವುದು ಹಳೆಯದು. ಅದನ್ನು ತಿದ್ದಿ, ಕ್ರೂಟ್ ಆದೇಶದಿಂದ ಮರುಸ್ಥಾಪಿತ ವ್ಯವಸ್ಥೆಯ ಒಳಹೊಕ್ಕು, ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನು ಹೊಸದಾಗಿ ರಚಿಸಿ, ಗ್ರಬ್ ಬೂಟ್‌ಲೋಡರನ್ನು ಸ್ಥಾಪಿಸಬೇಕು. ಇದನ್ನು ಮರೆತರೆ ಕಡತಗಳೆಲ್ಲ ಇದ್ದರೂ ಗಣಕ ಏಳುವುದಿಲ್ಲ. ಎದ್ದ ಮೇಲೆ ಗಡಿಯಾರ, ಜಾಲದ ಸಂಪರ್ಕ ಹಾಗೂ ಲಾಗ್‌ಗಳನ್ನು ಪರಿಶೀಲಿಸಿದ ನಂತರವಷ್ಟೇ ಬಳಕೆದಾರರಿಗೆ ಬಾಗಿಲು ತೆರೆಯಬೇಕು. ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಸುಮ್ಮನೆ ನಕಲು ಮಾಡಿದ ಪ್ರತಿ ನಂಬಲರ್ಹವಲ್ಲವಾದ್ದರಿಂದ, ಅದಕ್ಕೆ ಪ್ರತ್ಯೇಕ ಬ್ಯಾಕಪ್ ಇರಲೇಬೇಕು.

ಘಾನಾದಲ್ಲಿ ಉಳಿದ ಒಂದು ಪ್ರತಿ

2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ಡೆನ್ಮಾರ್ಕಿನ ಹಡಗು ಸಾಗಣೆ ಸಂಸ್ಥೆ ಮರ್ಸ್ಕ್‌ನ ಗಣಕಜಾಲವನ್ನು ನೆಲಕಚ್ಚಿಸಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದು ನಡೆಸುತ್ತಿದ್ದ ಟರ್ಮಿನಲ್ಲಿಗೂ ಬಿಸಿ ತಟ್ಟಿತು.

ಜಾಲದಲ್ಲಿ ಯಾರು ಯಾರೆಂದು ಗುರುತಿಸುವ ಡೊಮೇನ್ ಕಂಟ್ರೋಲರ್ ಸರ್ವರ್‌ಗಳು ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಲ್ಲಿ ಅದೇ ಮಾಹಿತಿ ಇರುತ್ತದೆಂಬ ಭರವಸೆಯಿತ್ತು. ಎಲ್ಲವೂ ಒಮ್ಮೆಗೇ ಅಳಿಸಿಹೋಗಬಹುದೆಂದು ಎಣಿಸಿರಲಿಲ್ಲ. ಘಾನಾದ ಕಚೇರಿಯ ಒಂದು ಸರ್ವರ್ ಮಾತ್ರ ವಿದ್ಯುತ್ ಕಡಿತದಿಂದಾಗಿ ದಾಳಿಗೆ ಮುನ್ನವೇ ಜಾಲದಿಂದ ಕಳಚಿಕೊಂಡಿತ್ತು! ವೈರ್ಡ್ ಪತ್ರಿಕೆಯ 2018ರ ವರದಿಯ ಪ್ರಕಾರ, ಅಲ್ಲಿನ ಅಂತರಜಾಲ ತೀರಾ ನಿಧಾನ, ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಹಾರ್ಡ್‌ಡಿಸ್ಕ್ ನೈಜೀರಿಯಾದ ವಿಮಾನ ನಿಲ್ದಾಣದಲ್ಲಿ ಕೈಬದಲಾಗಿ ಇಂಗ್ಲೆಂಡ್ ತಲುಪಿತು. ಹತ್ತು ದಿನಗಳಲ್ಲಿ 4,000 ಸರ್ವರ್ ಹಾಗೂ 45,000 ಗಣಕಗಳನ್ನು ಹೊಸದಾಗಿ ಸ್ಥಾಪಿಸಿದುದಾಗಿ ಸಂಸ್ಥೆಯ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸ್‌ನಲ್ಲಿ ತಿಳಿಸಿದರು.

ನೆನಪಿಡಬೇಕಾದುದು

ಪರಸ್ಪರ ನಕಲಾಗುವ ಸರ್ವರ್‌ಗಳಾಗಲಿ, ಜೋಡಿ ಡಿಸ್ಕುಗಳ ರೇಡ್ ವ್ಯವಸ್ಥೆಯಾಗಲಿ ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದ್ದು ಮತ್ತೊಂದರಲ್ಲೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಪರಿಣತರು ಒಪ್ಪಿದ ನಿಯಮ. ಕನಿಷ್ಠ ಒಂದಾದರೂ ಜಾಲದ ಸಂಪರ್ಕವಿಲ್ಲದೆ ಇರಬೇಕು.

ಪ್ರತಿ ಇದ್ದರಷ್ಟೇ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ ಬಹುಕಾಲದಿಂದ ಸದ್ದಿಲ್ಲದೆ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಸಂಸ್ಥೆಯನ್ನು ಕಾಪಾಡಿದ್ದು ಎಂಜಿನಿಯರ್ ಒಬ್ಬರು ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿ. ಆದ್ದರಿಂದ ಆಗಾಗ ಬೇರೊಂದು ಯಂತ್ರದಲ್ಲಿ ಮರುಸ್ಥಾಪನೆ ಮಾಡಿ ನೋಡಿ, ಹಿಡಿದ ಸಮಯವನ್ನೂ ಹಂತಗಳನ್ನೂ ಕಾಗದದಲ್ಲಿ ಬರೆದಿಡುವುದು ಕ್ಷೇಮ. ಸರ್ವರ್ ಮಲಗಿದ ದಿನ ಅದರೊಳಗಿನ ಕೈಪಿಡಿಯೂ ಅದರೊಂದಿಗೇ ಮಲಗಿರುತ್ತದೆ.